ಕುಂಚಿಗಿಯ ಮಸಿ

ಕಬನೂರಿನ ಆ ಓಣಿಗೆ ಹೊಸದಾಗಿ ಬಂದವರು, ಬಟ್ಟೆಗೆ ಹೊಗೆಯ ಮಸಿ ಹತ್ತಿದರೆ ಸಾಬೂನು ಹುಡುಕುತ್ತಿದ್ದರು. ಹಳಬರು ಯಮುನವ್ವನ ಮನೆ ಹುಡುಕುತ್ತಿದ್ದರು. ಹೊಸಬರೂ ಕೊನೆಗೆ ಅವಳ ಬಾಗಿಲಿಗೇ ಬರುವುದು, ಆದರೆ ಅರ್ಧ ಹಾಳುಮಾಡಿಕೊಂಡು ಬರುವುದು. ಅಂಥವರನ್ನು ಅವಳು ಕೂತುಕೊಳ್ಳಿ ಅನ್ನುವ ಮೊದಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

"ನೀರ ಹಚ್ಚೀರಿ, ಹೌದಿಲ್ಲೋ? ಖರೇ ಹೇಳ್ರಿ."

"ಒಂದೀಟ ಹಚ್ಚೇವ್ರಿ ಮಾವಶಿ."

"ಒಂದೀಟ ಹಚ್ಚಿದ್ರೂ ಅಷ್ಟ, ಹಳ್ಳದಾಗ ಅದ್ದಿದ್ರೂ ಅಷ್ಟ. ಮಸಿ ಸುಮ್ಮ ಮ್ಯಾಲ ಕೂತಿತ್ತು. ನೀವ ಅದನ್ನ ಒಳಗ ಕರದೀರಿ. ಈಗ ಹೋಗ ಅಂದ್ರ ಹೋಗತೈತೇನ?"

ಬೈಯುತ್ತಿರುವಾಗಲೇ ಅವಳ ಬೆರಳುಗಳು ತಂದ ಸೀರೆಯ ಸೆರಗು ಬಿಡಿಸಿ ನೋಡತೊಡಗಿರುತ್ತಿದ್ದವು. ಅದನ್ನು ಬಲ್ಲವರು ಬೈಸಿಕೊಂಡು ತೆಪ್ಪಗೆ ನಿಲ್ಲುತ್ತಿದ್ದರು. ಓಣಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆಗಿದ್ದ ಯಮುನವ್ವ ಬೈದಳೆಂದರೆ ಕೆಲಸ ಹಿಡಿದಳೆಂದೇ ಲೆಕ್ಕ. ಮಾತಿಲ್ಲದೆ ಮಡಚಿ ವಾಪಸು ಕೊಟ್ಟಳೆಂದರೆ ಮಾತ್ರ ಆ ಸೀರೆಯ ಆಸೆ ಬಿಡಬೇಕು.

ಅವಳು ಹುಟ್ಟಿದ್ದು ರಾಯಬಾಗದ ಕಡೆಯ ಹಳ್ಳಿಯಲ್ಲಿ. ಲಗ್ನವಾದ ವರ್ಷವೇ ಗಂಡ ಭೀಮಗೊಂಡ, ಮಾಗದ ಮೇಲೆ ಕೆಲಸ ಸಿಕ್ಕಿತೆಂದು ಇಚಲಕರಂಜಿಗೆ, ಅದರ ಪಕ್ಕದ ಈ ಕಬನೂರಿಗೆ ಕರೆತಂದ. ಮಾಗವೆಂದರೆ ಇಲ್ಲಿಯವರ ಬಾಯಲ್ಲಿ ಪಾವರಲೂಮು. ಅದರ ಸದ್ದಿಗೆ ಭೀಮಗೊಂಡನ ಕಿವಿ ಮೊದಲು ಹೋಯಿತು, ಹತ್ತಿಯ ಧೂಳಿಗೆ ಎದೆ ಹೋಯಿತು, ಆಮೇಲೆ ಅವನೂ ಹೋದ. ಒಬ್ಬಳೇ ಮಗಳನ್ನು ಅಥಣಿಯ ಕಡೆ ಕೊಟ್ಟಾಗಿದೆ. ಯಮುನವ್ವ ಯಡ್ರಾವದ ಒಂದು ಶೆಡ್ಡಿಗೆ ಡಾಗು ತೆಗೆಯಲು ಹೋಗುತ್ತಾಳೆ. ಮಾಗದಿಂದ ಇಳಿದ ಬಿಳಿ ಬಟ್ಟೆಯ ಮೇಲೆ ಯಂತ್ರದ ಎಣ್ಣೆಯ ಕಪ್ಪು ಕಲೆ ಬಿದ್ದಿರುತ್ತದೆ. ಬಟ್ಟೆ ಮಡಚುವ ಮೊದಲು ಹೆಂಗಸರು ಸಾಲಾಗಿ ಕುಳಿತು ಆ ಡಾಗು ತೆಗೆಯಬೇಕು. ಬೆನ್ನು ಹಿಡಿದುಕೊಳ್ಳುವ ಕೆಲಸ, ಯಾರ ಕಣ್ಣಿಗೂ ಬೀಳದ ಕೆಲಸ.

ಮನೆಬಟ್ಟೆಯ ಮಸಿ ತೆಗೆಯುವುದನ್ನು ಮಾತ್ರ ಅವಳಿಗೆ ಯಾರೂ ಕಲಿಸಲಿಲ್ಲ. ತನ್ನ ಲಗ್ನದ ಸೀರೆ ಹಾಳುಮಾಡಿಕೊಂಡು ಕಲಿತಳು. ಬಂದ ಹೊಸದರಲ್ಲಿ ಇದ್ದದ್ದು ಒಂದೇ ಖೋಲಿ. ಅದರಲ್ಲೇ ಚಿಮಣಿ ಎಣ್ಣೆಯ ಸ್ಟೋ, ಅದರ ಮೇಲೆಯೇ ಬಟ್ಟೆ ಹಾಕುವ ಹಗ್ಗ. ಒಂದು ದಿನ ಬತ್ತಿ ಕೆಟ್ಟು, ಸ್ಟೋ ಹೊಗೆ ಕಾರಿ, ಹಗ್ಗದ ಮೇಲಿದ್ದ ಇಳಕಲ್ ಸೀರೆಗೆ ಮಸಿ ಕೂತಿತು. ಅವಳು ಗಾಬರಿಯಾಗಿ ಬಕೆಟ್ಟಿನಲ್ಲಿ ಅದ್ದಿ ಸಾಬೂನು ಹಚ್ಚಿ ತಿಕ್ಕಿದಳು. ತಿಕ್ಕಿದಷ್ಟೂ ಕಪ್ಪು ರೇಷ್ಮೆಯ ಸೆರಗಿನ ಒಳಗೆ ಇಳಿಯಿತು. ಭೀಮಗೊಂಡ ಸಂಜೆ ಬಂದು ನೋಡಿ, "ಅಳಬ್ಯಾಡ, ಕೌದಿ ಹೊಲದ ಬಿಡ," ಅಂದ. ಹೊಲಿದಳು. ಇವತ್ತಿಗೂ ಅದನ್ನೇ ಹೊದೆಯುತ್ತಾಳೆ, ಆ ಕಪ್ಪು ಮೋಡ ಕೌದಿಯ ನಡುವೆ ಹಾಗೇ ಇದೆ.

ಅಂದಿನಿಂದ ಅವಳ ಪದ್ಧತಿಯೇ ಬೇರೆ. ಮಸಿ ಬರೀ ಧೂಳಲ್ಲ, ಅದರೊಳಗೆ ಎಣ್ಣೆ ಇರುತ್ತದೆ. ಅದಕ್ಕೇ ನೀರು ತಾಗಿಸಬಾರದು, ತಿಕ್ಕಬಾರದು, ಬಿಸಿಲಿಗೆ ಹಾಕಬಾರದು. ನೆರಳಿನಲ್ಲಿ ಗಾಳಿಗೆ ತೂಗುಬಿಟ್ಟು, ತಾನಾಗಿ ಉದುರುವಷ್ಟು ಉದುರಲು ಬಿಡಬೇಕು. ಆಮೇಲೆ ಗೋಧಿ ಹಿಟ್ಟನ್ನು ಚಪಾತಿಗಿಂತ ಗಟ್ಟಿಯಾಗಿ ನಾದಿ, ಸಣ್ಣ ಉಂಡೆ ಮಾಡಿ, ಮಸಿಯ ಮೇಲೆ ಒತ್ತಿ ಎತ್ತಬೇಕು. ಒತ್ತುವುದು, ಎತ್ತುವುದು, ಅಷ್ಟೇ. ಎಳೆದರೆ ಕೆಟ್ಟಿತು. ಉಂಡೆ ಕಪ್ಪಾದ ಕೂಡಲೇ ಬೇರೆ ಉಂಡೆ. ಕಡೆಗೆ ಉಳಿಯುವ ಕಂದು ಛಾಯೆಗೆ, ಅದೂ ಬಣ್ಣ ಬಿಡದ ಬಟ್ಟೆಯಾದರೆ ಮಾತ್ರ, ಅಂಟವಾಳದ ಕಾಯಿ ನೆನೆಸಿದ ತಣ್ಣೀರು.

ಕಪ್ಪಾದ ಹಿಟ್ಟನ್ನು ಅವಳು ಗಟಾರಕ್ಕೆ ಎಸೆಯುವವಳಲ್ಲ. ಹಿಟ್ಟೆಂದರೆ ಅನ್ನ, ಅದನ್ನು ಕೊಳಚೆಗೆ ಹಾಕುವುದು ಅವಳ ತವರಿನಲ್ಲೂ ಇರಲಿಲ್ಲ, ಅತ್ತೆಮನೆಯಲ್ಲೂ ಇರಲಿಲ್ಲ. ದನಕ್ಕೆ ಹಾಕೋಣವೆಂದರೆ ಎಣ್ಣೆಮಸಿ ತಿಂದು ಅದಕ್ಕೇನಾದರೂ ಆದರೆ ಪಾಪ ಬೇರೆ. ಹೀಗಾಗಿ ಮನೆಯ ಮುಂದಿನ ಬೇವಿನ ಬುಡದಲ್ಲಿ ಕುಣಿ ತೋಡಿ ಮುಚ್ಚುತ್ತಿದ್ದಳು. "ಯಮುನವ್ವ ಹೊಗಿ ಬಿತ್ತಾಕತ್ತಾಳ, ಈ ವರ್ಷ ಬೆಳಿ ಭಾಳ ಬರತೈತಿ," ಎಂದು ಓಣಿಯವರು ನಗಾಡುತ್ತಿದ್ದರು.

ಇಷ್ಟೆಲ್ಲ ಯಾರಾದರೂ ನೋಡಿ ಕಲಿಯಬಹುದು. ಅವಳ ನಿಜವಾದ ಕಸುಬು ಇದ್ದದ್ದು ಅಸಲು ಹುಡುಕುವುದರಲ್ಲಿ. ಎಷ್ಟೇ ಹೊಗೆ ಕುಡಿದ ಬಟ್ಟೆಯಾದರೂ ಎಲ್ಲೋ ಒಂದು ಕಡೆ, ಮಡಿಕೆಯ ಒಳಗೋ ಗಂಟಿನ ಅಡಿಗೋ, ಮಸಿ ಮುಟ್ಟದ ತುಣುಕು ಉಳಿದಿರುತ್ತದೆ. ಅದಕ್ಕೆ ಅವಳು ಅಸಲು ಅನ್ನುತ್ತಿದ್ದಳು. ಮೊದಲು ಅದನ್ನು ಹುಡುಕಿ, ಅದರ ಪಕ್ಕದಿಂದಲೇ ಒತ್ತುತ್ತ ಹೋಗಿ, ಉಳಿದ ಬಟ್ಟೆಯೆಲ್ಲ ಆ ಬಣ್ಣಕ್ಕೆ ಬರುವವರೆಗೆ ಬಿಡುತ್ತಿರಲಿಲ್ಲ. ಅಸಲು ಎಲ್ಲಿತ್ತೆಂದು ತನಗೇ ತಿಳಿಯದೆ ಹೋದಾಗ ಕೆಲಸ ಮುಗಿಯಿತು.

ಗಡಹಿಂಗ್ಲಜದಿಂದ ಒಬ್ಬ ಹೆಂಗಸು ಮನೆಯ ವಾಸ್ತುಶಾಂತಿಯ ಹೋಮದಲ್ಲಿ ಕಪ್ಪಾದ ಶಾಲು ತಂದಿದ್ದಳು. ವಾಪಸು ಕೊಡುವಾಗ ಯಮುನವ್ವ ಅದನ್ನು ಅವಳ ತೊಡೆಯ ಮೇಲೆ ಹರಡಿ, "ಅಸಲ ಎಲ್ಲಿತ್ತು ಹುಡಕ್ರಿ ನೋಡೂಣು," ಅಂದಳು. ಆ ಹೆಂಗಸು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ, "ನಾಹೀ ಸಾಪಡತ್, ಮಾವಶೀ," ಎಂದು ಸೋತಳು. ಸಿಗಲಿಲ್ಲ ಎಂಬ ಆ ಒಂದು ಮಾತು ಕೇಳಲು ಯಮುನವ್ವ ಎರಡು ದಿನ ಊಟವನ್ನಾದರೂ ಬಿಟ್ಟಾಳು. ಹೆಮ್ಮೆ ಇತ್ತು ಅವಳಿಗೆ. ಇರಲಿಲ್ಲ ಅಂದರೆ ಸುಳ್ಳಾದೀತು.

ಕಳೆದ ಬೇಸಿಗೆಯಲ್ಲಿ ಅದೇ ಓಣಿಯ ಒಂದು ಮಾಗದ ಶೆಡ್ಡಿಗೆ ಬೆಂಕಿ ಬಿತ್ತು. ಶೆಡ್ಡಿನ ಮೇಲಿನ ಒಂದೇ ಖೋಲಿಯಲ್ಲಿ ಅಲ್ಲಿಯ ಕೆಲಸಗಾರ ದತ್ತಾ, ಹೆಂಡತಿ ಉಜ್ವಲಾ ಮತ್ತು ಅವರ ಕೂಸು ಸಾರಿಕಾ ಇದ್ದರು. ಸಾರಿಕಾ ಆಗಷ್ಟೇ ಗೋಡೆ ಹಿಡಿದು ಎದ್ದು ನಿಲ್ಲಲು ಕಲಿತಿದ್ದಳು. ಸಿಕ್ಕಿದ್ದನ್ನು ಹಿಡಿದರೆ ಬಿಡುತ್ತಿರಲಿಲ್ಲ. ಯಮುನವ್ವನ ಜಡೆ ಹಿಡಿದು ಎಷ್ಟೋ ಸಲ ಅವಳನ್ನು ಬಗ್ಗಿಸಿ ನಿಲ್ಲಿಸಿದ್ದುಂಟು.

ಅಂದು ಮುಂಜಾನೆ ನಳಕ್ಕೆ ನೀರು ಬಂತು. ನೀರು ದಿನಾ ಬರುವ ಊರಲ್ಲ ಇದು. ಬಂತೆಂದರೆ ಇಡೀ ಓಣಿಯ ಹೆಂಗಸರು ಕೊಡ ಹಿಡಿದು ಓಡಬೇಕು. ಉಜ್ವಲಾ ಮಲಗಿದ್ದ ಕೂಸಿನ ತಲೆಗೆ ಕುಂಚಿಗಿ ಕಟ್ಟಿ, ಬೆಕ್ಕು ಒಳಗೆ ಬರಬಾರದೆಂದು ಹೊರಗಿನಿಂದ ಚಿಲಕ ಹಾಕಿ ಇಳಿದಳು. ನೀರು ಬಂದಾಗಲೆಲ್ಲ ಅವಳು ಮಾಡುತ್ತಿದ್ದದ್ದೇ ಅದು, ಚಿಕ್ಕ ಕೂಸಿರುವ ಯಾರಾದರೂ ಮಾಡುವುದೇ ಅದು. ಕೆಳಗೆ ಶೆಡ್ಡಿನ ತೊಲೆಗಳ ಮೇಲೆ ವರ್ಷಗಟ್ಟಲೆ ಕೂತಿದ್ದ ಹತ್ತಿಯ ಧೂಳಿಗೆ ವೈರಿನ ಕಿಡಿ ತಾಗಿತು. ಉರಿ ಕಡಿಮೆ, ಹೊಗೆಯೇ ಹೆಚ್ಚು. ಅದಕ್ಕೆ ಮೇಲೆ ಹೋಗಲು ಮೆಟ್ಟಿಲೊಂದೇ ದಾರಿ. ಜನ ಕೂಗಿಕೊಳ್ಳುವ ಹೊತ್ತಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ.

ದತ್ತಾ ಹಿಂದಿನಿಂದ ಹತ್ತಿ ಕಿಟಕಿ ಮುರಿದು ಕೂಸನ್ನು ತಂದ. ಮೈಮೇಲೆ ಒಂದು ಸುಟ್ಟ ಗುಳ್ಳೆಯೂ ಇರಲಿಲ್ಲ. ಎಬ್ಬಿಸಿದರೆ ಏಳುತ್ತದೆ ಅನ್ನುವ ಹಾಗಿತ್ತು. ಓಣಿಯ ನಡುವೆ ಯಮುನವ್ವನೂ ನಿಂತಿದ್ದಳು, ಕೂಸಿನ ಬಲಗೈಯ ಮುಷ್ಟಿಯಲ್ಲಿ ಕುಂಚಿಗಿಯ ಅಂಚು ಬಿಗಿಯಾಗಿ ಇದ್ದದ್ದನ್ನು ಅವಳೂ ನೋಡಿದಳು. ಆಸ್ಪತ್ರೆಯಲ್ಲಿ ಆ ಮುಷ್ಟಿ ಬಿಡಿಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೆ ಕೊಟ್ಟರು. ಕೂಸನ್ನು ಗಂಡಸರು ಅಲ್ಲಿಂದಲೇ ದತ್ತಾನ ಊರು ಸುಳಕೂಡಕ್ಕೆ ಒಯ್ದು ಮಣ್ಣುಮಾಡಿದರು. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ಇಲ್ಲ. ಮೂರನೆಯ ದಿನ ಗೋರಿಗೆ ಹಾಲು ಹಾಕಲು ಹೋದವರೂ ಗಂಡಸರೇ. ಉಜ್ವಲಾ ನಾನೂ ಬರತೀನಿ ಅಂದಾಗ, ಊರಿಂದ ಬಂದಿದ್ದ ಅತ್ತೆ ಚನ್ನವ್ವ, "ಹಡದಾಕಿ ಅಲ್ಲಿಗೆ ಬರಬಾರದವಾ," ಎಂದು ತಡೆದಳು. ಚನ್ನವ್ವ ಕೆಟ್ಟವಳಲ್ಲ. ತನಗೆ ಹೇಳಿಕೊಟ್ಟದ್ದನ್ನೇ ಅವಳು ಹೇಳಿದಳು, ಮತ್ತು ಆ ಹೇಳಿಕೊಟ್ಟದ್ದರಷ್ಟು ಕ್ರೂರವಾದದ್ದು ಬೇರೆ ಇಲ್ಲ.

ಹೊಗೆ ಹಿಡಿದ ಆ ಖೋಲಿ ಬಿಟ್ಟು ಅವರು ಯಮುನವ್ವನ ಮನೆಯಿಂದ ನಾಲ್ಕು ಬಾಗಿಲು ಆಚೆ ಬಾಡಿಗೆಗೆ ಬಂದರು. ಒಂದು ಮುಂಜಾನೆ, ಯಮುನವ್ವ ಯಡ್ರಾವಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ, ದತ್ತಾ ಬಂದು ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದ.

"ಮಾವಶಿ, ಇದನ್ನ ನೋಡ್ರಿ."

ಅದು ಆ ಕುಂಚಿಗಿ. ಕೂಸಿನ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತು ಬೆನ್ನ ಮೇಲೆ ಇಳಿಯುವ ಬಟ್ಟೆ. ಉಜ್ವಲಾಳ ತಾಯಿ ಕುಬಸದ ಹಸಿರು ಖಣದ ಬಟ್ಟೆಯಲ್ಲಿ ಹೊಲಿದು, ಅಂಚಿಗೆ ಕೆಂಪು ಪಟ್ಟಿ ಕೊಟ್ಟು, ಹೆಸರಿಡುವ ದಿನ ತಂದಿದ್ದು. ಈಗ ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ. ಯಮುನವ್ವ ಬೈಯಲಿಲ್ಲ.

"ಆಕಿ ಊಟಾ ಬಿಟ್ಟಾಳ್ರಿ," ಅಂದ ದತ್ತಾ. "ಮುಂಜಾನಿಂದ ಸಂಜೀತನಾ ಇದನ್ನ ಹಿಡಕೊಂಡ ಕುಂಡ್ರತಾಳ. ಮಾರಿ, ಕೈ, ಸೀರಿ ಎಲ್ಲಾ ಕರೇ ಮಾಡಕೊಂಡಾಳ. ಸತ್ತ ಕೂಸಿನ ಮಸಿ ಮನ್ಯಾಗ ಇಡಬಾರದು, ನಾ ಸುಳಕೂಡಕ್ಕ ಒಯ್ದ ಮಣ್ಣಾಗ ಮುಚ್ಚತೀನಿ ಅಂತ ನಮ್ಮವ್ವ ಕುಂತಾಳ. ಅವ್ವ ಇದನ್ನ ಒಯ್ದಳಂದ್ರ ಇಕಿ ಉಳ್ಯಾಂಗಿಲ್ರಿ ಮಾವಶಿ."

"ಮತ್ತ?"

"ಹಸನ ಆತಂದ್ರ, ಮಸಿ ಇಲ್ಲ ನೋಡ ಅಂತ ಅವ್ವಗ ಹೇಳಾಕ ಬರತೈತಿ. ಇಕಿಗೂ ಮೊದಲಿನ ಹಸರ ಕಂಡ್ರ, ಕೂಸ ನಕ್ಕೋತ ಇದ್ದದ್ದು ನೆನಪಾದೀತು. ಬರೇ ಬೆಂಕಿನ ಯಾಕ ನೆನಪಾಗಬೇಕ್ರಿ?"

"ಉಜ್ವಲಾ ತಾನ ಕೊಟ್ಟಳೇನ ಇದನ್ನ?"

ದತ್ತಾ ಹೊಸ್ತಿಲು ನೋಡಿದ. "ಹೂಂ ಅಂದಾಳ್ರಿ."

ಉಜ್ವಲಾ ಹೂಂ ಅಂದಿರಲಿಲ್ಲ. ಡಾಕ್ಟರು ಕೊಟ್ಟ ನಿದ್ದೆಯ ಗುಳಿಗೆ ತಿಂದು ಮಲಗಿದ್ದವಳ ಕೈಯಿಂದ ಅವನು ಬಿಡಿಸಿಕೊಂಡು ಬಂದಿದ್ದ. ಆ ಹೂಂ ನಂಬುವಂಥದ್ದಲ್ಲ ಎಂದು ಯಮುನವ್ವನಿಗೂ ಅನ್ನಿಸಿತು. ನಾಲ್ಕು ಬಾಗಿಲು ನಡೆದು ಹೋಗಿ ಕೇಳಿ ಬರಬಹುದಿತ್ತು. ಆದರೆ ಬಟ್ಟೆ ಆಗಲೇ ಅವಳ ಕೈಗೆ ಬಂದಿತ್ತು, ಬೆರಳುಗಳು ಆಗಲೇ ಅಸಲು ಹುಡುಕತೊಡಗಿದ್ದವು. ಇಷ್ಟು ವರ್ಷ ಊರಿನವರ ಶಾಲು, ಪರದೆ ಹಸನುಮಾಡಿದ ಈ ಕೈ ಇವತ್ತು ಒಬ್ಬ ತಾಯಿಯನ್ನು ಉಳಿಸುತ್ತದೆ ಎಂಬ ಆಸೆಯೂ ಅವಳ ಹೊಟ್ಟೆಯಲ್ಲಿ ಹುಟ್ಟಿತು. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಅಸಲು ಬೇಗ ಸಿಕ್ಕಿತು. ಅಂಚಿನ ಹತ್ತಿರ, ಮುದುಡಿದ ಹಸಿರು ತುಣುಕೊಂದು ಕಪ್ಪಿನ ನಡುವೆ ಉಳಿದಿತ್ತು. ಸುತ್ತ ಸಣ್ಣ ಸಣ್ಣ ಗೆರೆಗಳು. ಖಣದ ಚುಕ್ಕಿಗಳು ಅಲ್ಲಿ ಹೊಸದರಂತೆ ಕಾಣುತ್ತಿದ್ದವು. ಇಂಥ ಮಡಿಕೆಗಳನ್ನು ಅವಳು ಎಷ್ಟೋ ಬಟ್ಟೆಯಲ್ಲಿ ನೋಡಿದ್ದಳು. ಒಳ್ಳೆಯ ಅಸಲು ಎಂದು ಸಮಾಧಾನಪಟ್ಟು, ಹಿಟ್ಟು ನಾದಿ, ಅಲ್ಲಿಂದಲೇ ಶುರುಮಾಡಿದಳು.

ಖಣ ನೀರು ಕಂಡರೆ ಬಣ್ಣ ಬಿಡುತ್ತದೆ, ಹೀಗಾಗಿ ಎಲ್ಲವನ್ನೂ ಹಿಟ್ಟಿನಿಂದಲೇ ತೆಗೆಯಬೇಕು. ಕಡಲೆಯಷ್ಟು ಉಂಡೆಗಳನ್ನು ಮಾಡಿ ಒಂದೊಂದು ಚುಕ್ಕಿಯ ಮೇಲೆ ಒತ್ತಿದಳು, ಎತ್ತಿದಳು. ತಲೆಯ ಭಾಗದಲ್ಲಿ ಕೂಸಿನ ಎಣ್ಣೆಯ ಜಿಡ್ಡಿತ್ತು, ಅಲ್ಲಿ ಮಸಿ ಗಟ್ಟಿಯಾಗಿ ಕೂತಿತ್ತು. ಅದಕ್ಕೆ ಹಿಟ್ಟನ್ನು ಇನ್ನಷ್ಟು ಒಣದು ಮಾಡಿಕೊಂಡಳು. ಮಧ್ಯಾಹ್ನ ನಾಲ್ಕು ಬಾಗಿಲು ಆಚೆ ಪಾತ್ರೆಗಳು ಉರುಳಿದ ಸದ್ದು ಕೇಳಿಸಿತು, ಉಜ್ವಲಾ ಎದ್ದಿದ್ದಾಳೆ, ಏನನ್ನೋ ಹುಡುಕುತ್ತಿದ್ದಾಳೆ. ಏನನ್ನು ಎಂದು ತಿಳಿಯದಷ್ಟು ದಡ್ಡಿಯಲ್ಲ ಯಮುನವ್ವ. ಮುಗಿಸಿಯೇ ಕೊಡೋಣ, ಹಸನಾದದ್ದು ಕಂಡರೆ ಎದೆ ತಣ್ಣಗಾದೀತು ಎಂದು ಕೈ ಇನ್ನೂ ಚುರುಕು ಮಾಡಿದಳು.

ಹೊತ್ತು ಇಳಿಯುವುದರೊಳಗೆ ಕುಂಚಿಗಿ ಹಸಿರಾಯಿತು. ಅಂಚು ಕೆಂಪಾಯಿತು. ಅವಳು ಬಾಗಿಲ ಬೆಳಕಿಗೆ ಹಿಡಿದು ಅಸಲು ಹುಡುಕಿದಳು. ಸಿಗಲಿಲ್ಲ. ಅವಳ ಜನ್ಮದಲ್ಲಿ ಅಷ್ಟು ಚೊಕ್ಕ ಕೆಲಸ ಅವಳ ಕೈಯಿಂದ ಆಗಿರಲಿಲ್ಲ. ಕಪ್ಪು ಹಿಟ್ಟನ್ನೆಲ್ಲ ಕೂಡಿಸಿ, ಎಂದಿನಂತೆ ಬೇವಿನ ಬುಡದಲ್ಲಿ ಮುಚ್ಚಿ, ಕೈ ತೊಳೆದು ಬಂದಳು.

ಒಯ್ದು ಕೊಡಬೇಕೆನ್ನುವಷ್ಟರಲ್ಲಿ ಉಜ್ವಲಾ ತಾನೇ ಬಂದಳು. ಬರಿಗಾಲು, ಮಾರಿಯ ಮೇಲೆ ಇನ್ನೂ ಮಸಿ. ಹಿಂದೆ ದತ್ತಾ. ಯಮುನವ್ವ ಕುಂಚಿಗಿಯನ್ನು ಎರಡೂ ಕೈಯಲ್ಲಿ ಚಾಚಿದಳು. ಉಜ್ವಲಾ ತೆಗೆದುಕೊಂಡಳು. ಅದರ ಬಣ್ಣ ನೋಡಲಿಲ್ಲ. ಅಂಚು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಬಟ್ಟೆಯ ಒಳಮೈ ತಿರುಗಿಸಿ ನೋಡಿದಳು.

"ಮಾವಶಿ, ಇಲ್ಲಿ ಮುಷ್ಟಿ ಇತ್ತರಿ."

"ಯಾವ ಮುಷ್ಟಿ ಮಗಳ?"

"ಸಾರಿಕಾಂದು. ಹೊಗಿ ಬರಾಕತ್ತಿದಾಗ ಅಂಚ ಹಿಡದಿದ್ಳು. ಹಿಡದಲ್ಲೆ ಮಸಿ ಬಡದಿರಲಿಲ್ಲ. ನಾಕೂ ಬೆರಳ ಗೊತ್ತಾಗತಿದ್ದುವು. ನಾ ಅದರ ಮ್ಯಾಲ ನನ್ನ ಬೆರಳ ಇಟಗೊಂಡ ಕುಂಡ್ರತಿದ್ನಿ."

ಆಗ ಯಮುನವ್ವನಿಗೆ ಓಣಿಯ ನಡುವೆ ತಾನು ಕಂಡಿದ್ದ ಆ ಮುಷ್ಟಿ ಕಣ್ಣ ಮುಂದೆ ಬಂತು. ಮುಂಜಾನೆ ಕೈಗೆ ಸಿಕ್ಕ ಹಸಿರು ತುಣುಕೂ ಬಂತು, ಅದರ ಸುತ್ತಲಿನ ಗೆರೆಗಳೂ ಬಂದವು. ಎರಡನ್ನೂ ಅವಳ ಕಣ್ಣೇ ನೋಡಿತ್ತು. ಒಂದಕ್ಕೊಂದು ಕೂಡಿಸಿರಲಿಲ್ಲ. ಹೊಸ್ತಿಲ ಮೇಲೆ ಕುಳಿತಳು.

"ನಂಗ ತಿಳೀಲಿಲ್ಲ ಮಗಳ," ಅಂದಳು. "ಅಸಲ ಅಂತ ತಿಳದ್ನಿ."

ದತ್ತಾ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಉಜ್ವಲಾ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಯಮುನವ್ವನಿಗೆ ಎಷ್ಟೋ ಮೇಲಾಗುತ್ತಿತ್ತು.

"ತಗದ ಮಸಿ ಎಲ್ಲಿ ಹಾಕೀರಿ?"

"ಹಿಟ್ಟಿನಾಗ ಬಂದೈತಿ. ಬೇವಿನ ಬುಡಕ ಮುಚ್ಚೀನಿ."

ಉಜ್ವಲಾ ಕುಂಚಿಗಿಯನ್ನು ಹೊಸ್ತಿಲ ಮೇಲಿಟ್ಟು ಬೇವಿನ ಕಡೆ ನಡೆದಳು. ಹೊಸ ಮಣ್ಣು ಇನ್ನೂ ಸಡಿಲಾಗಿತ್ತು, ಎಲ್ಲಿ ಎಂದು ಯಾರೂ ತೋರಿಸಬೇಕಾಗಿರಲಿಲ್ಲ. ಅವಳು ಅದರ ಮುಂದೆ ಕುಳಿತು ಅಂಗೈ ಇಟ್ಟಳು. ಕೆದರಲಿಲ್ಲ. ಮಣ್ಣನ್ನು ಮೆಲ್ಲಗೆ ಒತ್ತಿ ಸಮಮಾಡಿದಳು, ಬಿದ್ದಿದ್ದ ಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟಳು.

"ಸುಳಕೂಡದಾಗ ಎಲ್ಲಿ ಇಟ್ಟಾರೋ ನಾ ನೋಡಿಲ್ರಿ," ಅಂದಳು. "ಕರಕೊಂಡ ಹೋಗಲಿಲ್ಲ." ಉಳಿದ ಒಂದು ಎಲೆಯನ್ನೂ ಆರಿಸಿ, "ಒಂದೀಟ ಹಾಲ ಇದ್ರ ಕೊಡ್ರಿ ಮಾವಶಿ."

ಚಹಕ್ಕೆಂದು ಇಟ್ಟಿದ್ದ ಹಾಲನ್ನು ಯಮುನವ್ವ ಬಟ್ಟಲಿಗೆ ಬಗ್ಗಿಸಿ ತಂದಳು. ಉಜ್ವಲಾ ಅದನ್ನು ಮಣ್ಣಿನ ಮೇಲೆ ಸುರಿದಳು. ಸಡಿಲ ಮಣ್ಣು, ತಕ್ಷಣ ಕುಡಿಯಿತು. ಸೊಸೆಯನ್ನು ಹುಡುಕಿಕೊಂಡು ಬಂದಿದ್ದ ಚನ್ನವ್ವ ಅಷ್ಟು ದೂರದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಈ ಸಲ ತಡೆಯಲಿಲ್ಲ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಉಜ್ವಲಾ ಎದ್ದು ಹೋಗುವಾಗ ಯಮುನವ್ವ ಕುಂಚಿಗಿ ಎತ್ತಿ ಕೊಡಹೋದಳು. ಉಜ್ವಲಾ ತೆಗೆದುಕೊಳ್ಳಲಿಲ್ಲ. "ಇದ ಬ್ಯಾಡ್ರಿ," ಅಂದಳು. "ಅಂಗಡ್ಯಾಗಿಂದ ತಂದಾಂಗ ಆಗೇತಿ."

ಈಗ ನಳಕ್ಕೆ ನೀರು ಬಂದ ದಿನ ಉಜ್ವಲಾ ಮೊದಲ ತಂಬಿಗೆಯನ್ನು ಬೇವಿನ ಬುಡಕ್ಕೆ ಹಾಕಿ ಆಮೇಲೆ ಕೊಡ ತುಂಬುತ್ತಾಳೆ. ಊಟ ಮಾಡುತ್ತಾಳಂತೆ, ಮಾತು ಕಡಿಮೆ. ಯಮುನವ್ವ ಆ ಬುಡದಲ್ಲಿ ಮತ್ತೆ ಹಿಟ್ಟು ಮುಚ್ಚಿಲ್ಲ, ಹಿತ್ತಲಲ್ಲಿ ಬೇರೆ ಕುಣಿ ಮಾಡಿಕೊಂಡಿದ್ದಾಳೆ. ಹೊಗೆ ಬಿತ್ತುವ ಮಾತನ್ನು ಓಣಿಯಲ್ಲಿ ಯಾರೂ ಆಡುವುದಿಲ್ಲ. ಮಸಿ ಹತ್ತಿದ ಬಟ್ಟೆ ತಂದವರನ್ನು ಅವಳು ಬೈಯುವುದೂ ಇಲ್ಲ. "ಇದರಾಗ ಏನರೆ ಉಳಸೂದ ಐತೇನ್ರಿ?" ಎಂದು ಮೊದಲು ಕೇಳುತ್ತಾಳೆ. ಬಂದವರಿಗೆ ಅದು ಅರ್ಥವಾಗುವುದಿಲ್ಲ. ಎಲ್ಲಾ ತಗೀರಿ ಮಾವಶಿ, ಅನ್ನುತ್ತಾರೆ.

ಕುಂಚಿಗಿ ಅವಳ ಟ್ರಂಕಿನಲ್ಲಿದೆ. ಯಡ್ರಾವದಿಂದ ಬಂದು ಕೈಕಾಲು ತೊಳೆದ ಮೇಲೆ, ಇನ್ನೂ ಬೆಳಕಿರುವಾಗ, ಒಮ್ಮೊಮ್ಮೆ ತೆಗೆದು ಬಾಗಿಲಲ್ಲಿ ಕೂರುತ್ತಾಳೆ. ಅಂಚು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸುತ್ತಾಳೆ. ಬೆಳಕಿಗೆ ಹಿಡಿಯುತ್ತಾಳೆ, ಒಳಮೈ ತಿರುಗಿಸುತ್ತಾಳೆ. ಆ ಮುಷ್ಟಿಯ ಒಂದು ಗೆರೆಯಾದರೂ ಉಳಿದಿದ್ದರೆ ಓಡಿಹೋಗಿ ಉಜ್ವಲಾಗೆ ತೋರಿಸಬಹುದಿತ್ತು. ಯಮುನವ್ವನ ಕೈ ಎಲ್ಲೂ ಒಂದನ್ನೂ ಬಿಟ್ಟಿಲ್ಲ.